ಮೊದಲು ನೀರಿನ ಕ್ಯಾನ್ ಎತ್ತಿ ನೋಡಿ: ಸಣ್ಣ ಹೊಲಿಗೆ ಘಟಕ ನಡೆಸುವವರಿಗೆ

ಏಪ್ರಿಲ್ ತಿಂಗಳ ಒಂದು ಸಂಜೆ ಎಲ್ಲರೂ ಮನೆಗೆ ಹೊರಟ ಮೇಲೆ, ಮೂರನೆಯ ಲೈನಿನ, ಅಂದರೆ ಹೊಲಿಗೆ ಯಂತ್ರಗಳ ಸಾಲಿನ, ಕೊನೆಯಲ್ಲಿದ್ದ 20 ಲೀಟರಿನ ನೀರಿನ ಕ್ಯಾನನ್ನು ತೆಗೆದಿಡಲು ಕೈ ಹಾಕಿದೆ. ಒಂದೇ ಕೈಯಲ್ಲಿ ಎತ್ತಲಾಗಲಿಲ್ಲ. ಅರ್ಧದಷ್ಟು ನೀರು ಹಾಗೆಯೇ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಇಟ್ಟ ಕ್ಯಾನು ಅದು. ಆ ಲೈನಿನಲ್ಲಿ ಕೂರುವವರು 38 ಮಂದಿ. ಲೆಕ್ಕ ಹಾಕಿದರೆ ತಲೆಗೆ ಕಾಲು ಲೀಟರಿಗಿಂತ ಸ್ವಲ್ಪ ಹೆಚ್ಚು. ಕಾದ ತಗಡಿನ ಛಾವಣಿಯ ಕೆಳಗೆ ಇಡೀ ದಿನ ಹೊಲಿದ ಹೆಂಗಸರು ಒಂದು ದೊಡ್ಡ ಲೋಟದಷ್ಟು ನೀರು ಕುಡಿದು ಮನೆಗೆ ಹೋಗಿದ್ದರು.

ನನಗೆ ಆಶ್ಚರ್ಯವಾಗಲಿಲ್ಲ. ಬೆಂಗಳೂರಿನ ಮೈಸೂರು ರಸ್ತೆಯ ಕಾರ್ಖಾನೆಗಳಲ್ಲಿ 11 ವರ್ಷ ಕಾಲರ್ ಹೊಲಿಯುತ್ತಿದ್ದಾಗ ನಾನೂ ಹಾಗೆಯೇ ಇದ್ದೆ. ಮನೆ ಬಿಡುವಾಗ ಅರ್ಧ ಲೋಟ ಕಾಫಿ, ಮಧ್ಯಾಹ್ನ ಅನ್ನದ ಜೊತೆ ನಾಲ್ಕು ಗುಟುಕು ನೀರು. ಹೆಚ್ಚು ಕುಡಿದರೆ ಏಳಬೇಕು. ಎದ್ದರೆ ಹೊಲಿಯಬೇಕಾದ ತುಂಡುಗಳ ಬಂಡಲ್ ರಾಶಿ ಬೀಳುತ್ತದೆ. ರಾಶಿ ಬಿದ್ದರೆ ಬೈಗುಳ. ಎರಡು ಸಲ ಮೂತ್ರದ ಸೋಂಕಾಗಿ ಜ್ವರ ಬಂದು ಮಲಗಿದ್ದೇನೆ. ಆಗ ಅದು ನನ್ನ ದೇಹದ ದೋಷ ಎಂದುಕೊಂಡಿದ್ದೆ.

ಈಗ ನಾನು ದೊಡ್ಡಬಳ್ಳಾಪುರದ ಕಡೆ 120 ಮಂದಿಯ ಒಂದು ಹೊಲಿಗೆ ಘಟಕದಲ್ಲಿ ಕಾರ್ಮಿಕರ ಯೋಗಕ್ಷೇಮ ನೋಡಿಕೊಳ್ಳುತ್ತೇನೆ. ಖರೀದಿದಾರರಿಂದ ಬರುವ ಪತ್ರಗಳಲ್ಲಿ ಸುಸ್ಥಿರತೆ ಎಂಬ ಮಾತು ಬರತೊಡಗಿದ ಮೇಲೆ ಅಕ್ಕಪಕ್ಕದ ಘಟಕಗಳವರು ನನ್ನನ್ನು ಕೇಳುತ್ತಾರೆ: ಎಲ್ಲಿಂದ ಶುರು ಮಾಡುವುದು, ಸೌರ ಫಲಕದಿಂದಲೋ, ಗಿಡ ನೆಡುವುದರಿಂದಲೋ? ಎರಡೂ ಒಳ್ಳೆಯವೇ. ಆದರೆ ನಾನು ಕಂಡುಕೊಂಡದ್ದು ಇಷ್ಟು: ವಿದ್ಯುತ್ತು, ಹಬೆ, ಬಟ್ಟೆ ಎಲ್ಲಿ ಪೋಲಾಗುತ್ತಿದೆಯೋ ಅದೇ ಜಾಗದಲ್ಲಿ ಯಾರದೋ ಬೆನ್ನು, ಕಣ್ಣು, ಶ್ವಾಸ ಸವೆಯುತ್ತಿರುತ್ತದೆ. ಒಂದನ್ನು ಹುಡುಕಿಕೊಂಡು ಹೋದರೆ ಇನ್ನೊಂದು ಸಿಗುತ್ತದೆ. ಹುಡುಕುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಹತ್ತು ಮಂದಿಯ ಘಟಕಕ್ಕೂ ಇದು ನಡೆಯುತ್ತದೆ.

ನೀರು ಮತ್ತು ಶೌಚಾಲಯ

ಒಂದು ವಾರ, ಸೋಮವಾರದಿಂದ ಶನಿವಾರದವರೆಗೆ, ಪ್ರತಿ ಲೈನಿಗೆ ಎಷ್ಟು ಕ್ಯಾನು ಕೊಟ್ಟಿರಿ, ಸಂಜೆ ಎಷ್ಟು ಉಳಿಯಿತು ಎಂದು ಬರೆದಿಡಿ. ಬಳಕೆಯಾದದ್ದನ್ನು ಹಾಜರಿದ್ದವರ ಸಂಖ್ಯೆಯಿಂದ ಭಾಗಿಸಿ. ಯಾರಿಗೂ ಹೇಳಬೇಡಿ. ಹೇಳಿದರೆ ಮೇಲ್ವಿಚಾರಕರು ಆ ವಾರ ಮಾತ್ರ ನೀರು ಕುಡಿಸುತ್ತಾರೆ. ಮನೆಯಿಂದ ಬಾಟಲಿ ತರುವವರೂ ಇರುತ್ತಾರೆ. ಊಟದ ಹೊತ್ತಿನಲ್ಲಿ ಒಂದು ಸುತ್ತು ಬಂದು ಬಾಟಲಿಗಳನ್ನು ನೋಡಿ. ನಾನು ಇಟ್ಟುಕೊಂಡ ಗುರಿ ಒಂದು ಪಾಳಿಗೆ ತಲೆಗೆ ಒಂದೂವರೆ ಲೀಟರ್, ಬೇಸಿಗೆಯಲ್ಲಿ ಎರಡು. ಅದಕ್ಕಿಂತ ಬಹಳ ಕಡಿಮೆ ಇದ್ದರೆ ನಿಮ್ಮ ಶೌಚಾಲಯದಲ್ಲೋ ಮೇಲ್ವಿಚಾರಕರ ಬಾಯಿಯಲ್ಲೋ ತೊಂದರೆ ಇದೆ.

ಯಾವುದರಲ್ಲಿ ಎಂದು ತಿಳಿಯಲು ಹೆಂಗಸರನ್ನೇ ಕೇಳಬೇಕು. ಆದರೆ ಕೆಲಸದ ಜಾಗದಲ್ಲಿ ಕೇಳಬೇಡಿ, ಕಚೇರಿಗೆ ಕರೆಸಿಯೂ ಕೇಳಬೇಡಿ. ನಾನು ಸಂಜೆ ಬಸ್ ನಿಲ್ದಾಣದವರೆಗೆ ಅವರ ಜೊತೆ ನಡೆದೆ. ಮೂರು ಸಂಜೆಗಳಲ್ಲಿ ಎಲ್ಲವೂ ಹೊರಬಂತು. ಎರಡನೆಯ ಶೌಚಾಲಯದ ಚಿಲಕ ಮುರಿದಿದೆ, ಒಬ್ಬರು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಕಸದ ಬುಟ್ಟಿಗೆ ಮುಚ್ಚಳವಿಲ್ಲ. ಮಧ್ಯಾಹ್ನ ಮೂರರ ಮೇಲೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಒಬ್ಬ ಮೇಲ್ವಿಚಾರಕ ಎದ್ದು ಹೋದವರ ಕಡೆ ನೋಡಿ ಕೈಗಡಿಯಾರ ತೋರಿಸುತ್ತಾನೆ. ಹೋಗಬೇಡ ಎಂದು ಅವನು ಒಮ್ಮೆಯೂ ಅಂದಿಲ್ಲ. ಗಡಿಯಾರ ತೋರಿಸಿದ್ದೇ ಸಾಕಾಗಿತ್ತು.

ಚಿಲಕ, ಮುಚ್ಚಳ, ನಲ್ಲಿ ಇವೆಲ್ಲ ಒಂದು ದಿನದ ಕೆಲಸ. ಅದನ್ನು ಮಾತು ಮುಗಿದ ಮರುದಿನವೇ ಮಾಡಿ. ತಡವಾದರೆ ಮುಂದಿನ ಸಲ ಯಾರೂ ನಿಮ್ಮೊಂದಿಗೆ ಮಾತಾಡುವುದಿಲ್ಲ. ಕುಡಿಯುವ ನೀರನ್ನು ಶೌಚಾಲಯದ ಬಾಗಿಲ ಪಕ್ಕದಲ್ಲೇ ಇಟ್ಟಿರುವುದನ್ನು ಅನೇಕ ಕಡೆ ನೋಡಿದ್ದೇನೆ. ಎರಡರ ನಡುವೆ 6 ಮೀಟರ್ ಅಂತರವಿರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಕ್ಯಾನಿಡಲು ಲೈನಿಗೆ ಹತ್ತಿರದ, ನೆರಳಿನ ಜಾಗ ಹುಡುಕಿ. ಒಂದೇ ಸ್ಟೀಲ್ ಲೋಟವನ್ನು ಸರಪಳಿಗೆ ಕಟ್ಟಬೇಡಿ. ಪ್ರತಿಯೊಬ್ಬರಿಗೂ ಹೆಸರು ಬರೆದ ಒಂದು ಸ್ಟೀಲ್ ಬಾಟಲಿ ಕೊಡಿಸಿದರೆ ಎಸೆಯುವ ಪ್ಲಾಸ್ಟಿಕ್ ಲೋಟವೂ ನಿಲ್ಲುತ್ತದೆ, ನೀರು ಯಂತ್ರದ ಪಕ್ಕಕ್ಕೇ ಬರುತ್ತದೆ. ಬಾಟಲಿಗೆ ಮೇಜಿನ ಕಾಲಿನ ಬಳಿ ಒಂದು ಕೊಂಡಿ ಹಾಕಿಸಿ. ಮೇಜಿನ ಮೇಲೆ ಇಟ್ಟರೆ ಬಟ್ಟೆಗೆ ನೀರು ಚೆಲ್ಲುತ್ತದೆ, ಆಮೇಲೆ ಬಾಟಲಿಯನ್ನೇ ನಿಷೇಧಿಸುತ್ತಾರೆ.

ಬಂಡಲ್ ರಾಶಿ ಬೀಳುವ ಭಯಕ್ಕೆ ಒಂದೇ ಮದ್ದು: ಪ್ರತಿ ಲೈನಿಗೆ ಒಬ್ಬ ಫ್ಲೋಟರ್. ಲೈನಿನ ಎಲ್ಲ ಹೊಲಿಗೆ ಹಂತಗಳನ್ನೂ ಬಲ್ಲ ಟೈಲರ್ ಅವಳು. ಯಾರು ಎದ್ದರೂ ಅವರ ಯಂತ್ರದಲ್ಲಿ ಕೂರುತ್ತಾಳೆ. ನಮ್ಮ ಮಾಲೀಕರು ಮೊದಲು ಒಪ್ಪಲಿಲ್ಲ. ಒಬ್ಬಳ ಸಂಬಳ ದಂಡ ಎಂದರು. ಹದಿನೈದು ದಿನ ಪ್ರಯೋಗಕ್ಕೆ ಬಿಡಿ ಎಂದು ಕೇಳಿಕೊಂಡೆ. ಯಾರೋ ರಜೆ ಹಾಕಿದ ದಿನ ಲೈನ್ ನಿಲ್ಲದೆ ನಡೆದದ್ದನ್ನು ಕಂಡ ಮೇಲೆ ಅವರು ಆ ಮಾತು ಎತ್ತಿಲ್ಲ. ಫ್ಲೋಟರ್‌ಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚು ಸಂಬಳ ಕೊಡಿ. ಅವಳ ಕೌಶಲ ದೊಡ್ಡದು.

ಮುಟ್ಟಿನ ವಿಷಯ ಇಲ್ಲೇ ಹೇಳಬೇಕು. ಪ್ರತಿ ಶೌಚಾಲಯದ ಒಳಗೆ, ಹೊರಗಲ್ಲ, ಕಾಲಿನಿಂದ ತೆರೆಯುವ ಮುಚ್ಚಳದ ಬುಟ್ಟಿ ಇರಲಿ. ಪಕ್ಕದಲ್ಲಿ ಕತ್ತರಿಸಿದ ಹಳೆಯ ಪತ್ರಿಕೆಯ ಹಾಳೆಗಳು. ಬಳಸಿದ ಪ್ಯಾಡನ್ನು ಸುತ್ತಿ, ಕೆಂಪು ಗುರುತು ಹಾಕಿದ ಚೀಲದಲ್ಲಿ ಬೇರೆಯಾಗಿ ಕೊಡಬೇಕು. ಬಟ್ಟೆಚೂರಿನ ಮೂಟೆಗೆ ಸೇರಿಸಿ ಕಳಿಸಿದರೆ ಆ ಮೂಟೆಯನ್ನು ಬರಿಗೈಯಲ್ಲಿ ಬಿಡಿಸುವವಳೂ ಒಬ್ಬ ಹೆಂಗಸೇ. ಬಟ್ಟೆಯ ಪ್ಯಾಡ್, ಕಪ್ ಇವು ಪರಿಸರಕ್ಕೆ ಒಳ್ಳೆಯವು ಎಂದು ಭಾಷಣ ಮಾಡಿಸುವವರಿದ್ದಾರೆ. ತೊಳೆಯಲು ನೀರಿಲ್ಲದ, ಒಣಗಿಸಲು ಬಿಸಿಲಿಲ್ಲದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿರುವವಳಿಗೆ ಆ ಭಾಷಣ ಮಾಡಬೇಡಿ. ಕೇಳಿದವರಿಗೆ ತಿಳಿಸಿ, ಆಯ್ಕೆ ಅವರದು. ತಿಂಗಳಿಗೆ ಒಂದು ದಿನದ ವೇತನಸಹಿತ ಮುಟ್ಟಿನ ರಜೆಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ರಜೆ ಕೇಳುವವಳು ಅದನ್ನು ಗಂಡಸು ಮೇಲ್ವಿಚಾರಕನ ಮುಂದೆ ವಿವರಿಸಬೇಕಾದ ವ್ಯವಸ್ಥೆ ಇದ್ದರೆ ಒಬ್ಬರೂ ಕೇಳುವುದಿಲ್ಲ. ನಮ್ಮಲ್ಲಿ ಬೆಳಿಗ್ಗೆ ನನ್ನ ಮೊಬೈಲಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು.

ಸೆಕೆ ಎಲ್ಲಿಂದ ಬರುತ್ತಿದೆ

ಸೆಕೆ ಎಂದರೆ ಎಲ್ಲರೂ ಛಾವಣಿಯ ಕಡೆ ನೋಡುತ್ತಾರೆ. ಅರ್ಧ ಸರಿ. ತಗಡಿಗೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಬಳಿಸಿ, ತುದಿಯಲ್ಲಿ ಗಾಳಿಗೇ ತಿರುಗುವ ಟರ್ಬೈನ್ ಫ್ಯಾನುಗಳನ್ನು ಕೂರಿಸಿ. ಫೆಬ್ರುವರಿ ಮುಗಿಯುವುದರೊಳಗೆ ಮಾಡಿಸಿ; ಏಪ್ರಿಲಿನಲ್ಲಿ ಕಾದ ತಗಡಿನ ಮೇಲೆ ಬಣ್ಣ ಬಳಿಯಲು ಒಬ್ಬನನ್ನು ಹತ್ತಿಸುವುದು ಅನ್ಯಾಯ.

ಉಳಿದರ್ಧ ಸೆಕೆ ಮೇಜಿನ ಕೆಳಗಿನಿಂದ ಬರುತ್ತದೆ. ಹಳೆಯ ಹೊಲಿಗೆ ಯಂತ್ರಗಳಲ್ಲಿ ಕ್ಲಚ್ ಮೋಟಾರು ಇರುತ್ತದೆ. ಸ್ವಿಚ್ ಹಾಕಿದ ಕ್ಷಣದಿಂದ ಸಂಜೆಯವರೆಗೆ ಅದು ತಿರುಗುತ್ತಲೇ ಇರುತ್ತದೆ, ನೀವು ಹೊಲಿಯುತ್ತಿರಲಿ, ಬಿಡಲಿ. ಒಂದು ಕೆಲಸ ಮಾಡಿ: ಗಡಿಯಾರ ಹಿಡಿದು ಒಬ್ಬ ಟೈಲರ್ ಪಕ್ಕ, ಅವಳ ಒಪ್ಪಿಗೆ ಪಡೆದು, ಹತ್ತು ನಿಮಿಷ ನಿಲ್ಲಿ. ಸೂಜಿ ನಿಜವಾಗಿ ಓಡಿದ ಸೆಕೆಂಡುಗಳನ್ನು ಮಾತ್ರ ಕೂಡಿಸಿ. ಹೆಚ್ಚೆಂದರೆ ಮೂರನೆಯ ಒಂದು ಪಾಲು ಬರುತ್ತದೆ. ಉಳಿದ ಹೊತ್ತು ಅವಳು ಪೀಸ್ ಎತ್ತುತ್ತಾಳೆ, ಅಂಚು ಕೂಡಿಸುತ್ತಾಳೆ, ತಿರುಗಿಸುತ್ತಾಳೆ, ಕಟ್ಟುತ್ತಾಳೆ. ಅಷ್ಟು ಹೊತ್ತೂ ಆ ಮೋಟಾರು ಅವಳ ಮೊಣಕಾಲಿನ ಬಳಿ ಗುಂಯ್‌ಗುಡುತ್ತ ಬಿಸಿ ಉಗುಳುತ್ತಿರುತ್ತದೆ. ಸರ್ವೋ ಮೋಟಾರು ಹಾಗಲ್ಲ, ಪೆಡಲ್ ಒತ್ತಿದಾಗ ಮಾತ್ರ ಓಡುತ್ತದೆ. ವಿದ್ಯುತ್ ಬಳಕೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಬಿಲ್ಲಿನಲ್ಲಿ ಅದು ಕಾಣುತ್ತದೆ, ಮಾಲೀಕರು ಅದನ್ನು ನೋಡಿ ಸಂತೋಷಪಡುತ್ತಾರೆ. ನಾನು ನೋಡಿದ್ದು ಬೇರೆ. ಮೊದಲ ಲೈನಿನ ಎಲ್ಲ ಯಂತ್ರಗಳಿಗೆ ಸರ್ವೋ ಹಾಕಿದ ಮರುದಿನ, ಅಲ್ಲಿದ್ದವರು ಪಕ್ಕದವರೊಂದಿಗೆ ಮಾಮೂಲಿ ದನಿಯಲ್ಲಿ ಮಾತಾಡುತ್ತಿದ್ದರು. ಅಲ್ಲಿಯವರೆಗೆ ಎಲ್ಲರೂ ಕೂಗುತ್ತಿದ್ದರು ಎಂಬುದೇ ನಮಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಒಂದೇ ಸಲ ಕೊಳ್ಳುವ ಶಕ್ತಿ ಇಲ್ಲದಿದ್ದರೆ, ಕೆಟ್ಟ ಪ್ರತಿ ಕ್ಲಚ್ ಮೋಟಾರಿನ ಜಾಗಕ್ಕೆ ಸರ್ವೋ ಎಂದು ಇಂದೇ ನಿಯಮ ಮಾಡಿ. ರಿವೈಂಡಿಂಗ್ ಅಂಗಡಿಗೆ ಕಳಿಸುವುದನ್ನು ನಿಲ್ಲಿಸಿ.

ದೀಪದ ವಿಷಯವೂ ಹೀಗೆಯೇ. ಎತ್ತರದಲ್ಲಿ ನೇತುಹಾಕಿದ ಟ್ಯೂಬ್‌ಲೈಟುಗಳು ಓಡಾಡುವ ದಾರಿಯನ್ನು ಬೆಳಗುತ್ತವೆ, ಸೂಜಿಯ ಮೂತಿಯನ್ನಲ್ಲ. ಕಡು ನೀಲಿ ಬಟ್ಟೆಯ ಮೇಲೆ ಕಡು ನೀಲಿ ದಾರದಲ್ಲಿ ಎಂಟು ಗಂಟೆ ಹೊಲಿದವರಿಗೆ ಗೊತ್ತು ಅದರ ಕಷ್ಟ. ಪ್ರತಿ ಯಂತ್ರದ ಸೂಜಿಯ ಬಳಿ ಒಂದು ಪುಟ್ಟ ಎಲ್‌ಇಡಿ ಕೂರಿಸಿ. ಮೇಲಿನ ದೀಪಗಳನ್ನು ಕೆಳಗಿಳಿಸಿ, ಸಂಖ್ಯೆ ಕಡಿಮೆ ಮಾಡಿ. ಕಪ್ಪು, ಕಡು ನೀಲಿ ಆರ್ಡರುಗಳು ಬಂದಾಗ ಒಬ್ಬರನ್ನೇ ವಾರಗಟ್ಟಲೆ ಅದರಲ್ಲಿ ಕೂರಿಸದೆ ಬದಲಾಯಿಸುತ್ತಿರಿ. ನಲವತ್ತು ದಾಟಿದ ಟೈಲರ್ ಇದ್ದಕ್ಕಿದ್ದಂತೆ ತಪ್ಪು ಮಾಡತೊಡಗಿದರೆ ಬೈಯುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ನಮ್ಮಲ್ಲಿ ಕೆಲಸ ಬಿಡಲು ತಯಾರಾಗಿದ್ದ ಒಬ್ಬ ಅಕ್ಕನಿಗೆ ಬೇಕಾಗಿದ್ದದ್ದು ಒಂದು ಓದುವ ಕನ್ನಡಕ ಮಾತ್ರ.

ಇಸ್ತ್ರಿ ವಿಭಾಗಕ್ಕೆ ಹೋಗಿ. ಕೊಳವೆಯ ಕೀಲುಗಳಲ್ಲಿ ಹಬೆ ಸುಂಯ್ ಎನ್ನುತ್ತಿದ್ದರೆ ಅದು ನೀವು ಸೌದೆಗೋ ಡೀಸೆಲ್ಲಿಗೋ ಕೊಟ್ಟ ಹಣ. ಅಲ್ಲಿ ನಿಂತವನ ಬೆವರೂ ಹೌದು. ಬಾಯ್ಲರಿನಿಂದ ಮೇಜಿನವರೆಗಿನ ಕೊಳವೆಗೆ ಶಾಖ ತಡೆಯುವ ಹೊದಿಕೆ ಹಾಕಿಸಿ. ಹಬೆಯನ್ನು ತಡೆದು ನೀರನ್ನಷ್ಟೇ ಹೊರಬಿಡುವ ಸ್ಟೀಮ್ ಟ್ರ್ಯಾಪುಗಳನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿ. ತಣಿದು ನೀರಾದ ಹಬೆಯನ್ನು ಚರಂಡಿಗೆ ಬಿಡದೆ ಬಾಯ್ಲರಿಗೇ ಹಿಂದಿರುಗಿಸಿ. ಬಿಸಿ ನೀರು ವಾಪಸು ಬಂದಷ್ಟೂ ಉರುವಲು ಕಡಿಮೆ ಸಾಕು. ಇಸ್ತ್ರಿಯವರು ದಿನವಿಡೀ ನಿಲ್ಲುವವರು. ಕಾಲ ಕೆಳಗೆ ದಪ್ಪ ರಬ್ಬರ್ ಚಾಪೆ, ಬೆನ್ನಿಗೆ ಆಸರೆಯಾಗುವ ಎತ್ತರದ ಸ್ಟೂಲು, ಬೇಸಿಗೆಯಲ್ಲಿ ಹನ್ನೊಂದಕ್ಕೆ ಉಪ್ಪು ಹಾಕಿದ ನೀರು ಮಜ್ಜಿಗೆ, ಮೂರಕ್ಕೆ ತಣಿದ ರಾಗಿ ಅಂಬಲಿ. ಅಂಬಲಿಯನ್ನು ನಾವು ಚಹಾದ ಬದಲು ಕೊಡುವುದಿಲ್ಲ, ಚಹಾದ ಜೊತೆಗೆ ಕೊಡುತ್ತೇವೆ. ಚಹಾ ಕಿತ್ತುಕೊಂಡು ಆರೋಗ್ಯ ಕೊಡುತ್ತೇನೆ ಎಂದರೆ ಯಾರೂ ನಂಬುವುದಿಲ್ಲ.

ಕುರ್ಚಿಗೆ ಹೆಚ್ಚು ಮಾತು ಬೇಡ. ಬೆನ್ನಿಲ್ಲದ ಮರದ ಸ್ಟೂಲುಗಳನ್ನು ತೆಗೆದುಹಾಕಿ. ಮೊಣಕೈ ಮಟ್ಟಕ್ಕೆ ಮೇಜು ಬರಬೇಕು. ಕುಳ್ಳಗಿರುವವರಿಗೆ ಕುರ್ಚಿ ಎತ್ತರಿಸಿ ಪೆಡಲನ್ನೂ ಸರಿಹೊಂದಿಸಬೇಕು. ಎತ್ತರದವರಿಗೆ ಮೇಜಿನ ಕಾಲು ಏರಿಸಬೇಕು. ಒಬ್ಬ ಮೆಕ್ಯಾನಿಕ್ ದಿನಕ್ಕೆ ಐದು ಮೇಜಿನಂತೆ ಒಂದು ತಿಂಗಳಲ್ಲಿ ಇಡೀ ಘಟಕ ಮುಗಿಸುತ್ತಾನೆ.

ಬಟ್ಟೆಚೂರು ಮತ್ತು ಶ್ವಾಸ

ಕಟಿಂಗ್ ಮೇಜಿನಿಂದ ಬೀಳುವ ಚೂರುಗಳನ್ನು ಬೀಳುವಾಗಲೇ ಬೇರೆ ಮಾಡಿ. ಹತ್ತಿ ಒಂದು ಚೀಲಕ್ಕೆ, ಪಾಲಿಯೆಸ್ಟರ್ ಮತ್ತು ಮಿಶ್ರ ಬಟ್ಟೆ ಇನ್ನೊಂದಕ್ಕೆ. ಎಲ್ಲ ಕಲಸಿದ ಮೂಟೆಗೆ ಚಿಂದಿ ವ್ಯಾಪಾರಿ ಕೊಡುವ ಬೆಲೆಯೂ ಬಿಡಿಸಿದ ಹತ್ತಿಗೆ ಕೊಡುವ ಬೆಲೆಯೂ ಒಂದೇ ಅಲ್ಲ. ಆ ವ್ಯತ್ಯಾಸದ ಹಣವನ್ನು ಘಟಕದ ಲಾಭಕ್ಕೆ ಸೇರಿಸದೆ ಕಾರ್ಮಿಕರ ನಿಧಿಗೆ ಹಾಕಿ. ಆಗ ಬೇರ್ಪಡಿಸುವ ಕೆಲಸ ಯಾರೂ ಹೇಳದೆಯೇ ನಡೆಯುತ್ತದೆ. ಚೂರುಗಳನ್ನು ಬಾಯ್ಲರಿಗೆ ಹಾಕುವುದನ್ನು ಇಂದೇ ನಿಲ್ಲಿಸಿ. ಪಾಲಿಯೆಸ್ಟರ್ ಸುಟ್ಟ ಹೊಗೆ ಮೊದಲು ಸೇರುವುದು ಬಾಯ್ಲರ್ ನೋಡುವವನ ಎದೆಗೆ.

ದೊಡ್ಡ ಹತ್ತಿ ತುಂಡುಗಳಿಂದ ನಾವು ಕುರ್ಚಿಗೆ ದಿಂಬು ಹೊಲಿಯುತ್ತೇವೆ. ಉತ್ತರ ಕರ್ನಾಟಕದಿಂದ ಬಂದ ಇಬ್ಬರು ಹೆಂಗಸರಿಗೆ ಕೌದಿ ಹೊಲಿಯುವುದು ತಾಯಂದಿರಿಂದ ಬಂದ ವಿದ್ಯೆ. ಅವರು ಉಳಿದವರಿಗೆ ಕಲಿಸಿದರು. ಕೌದಿಗಳು ಮಕ್ಕಳ ಕೋಣೆಗೆ ಹೋದವು.

ಸಂಜೆ ಏರ್ ಗನ್ನಿನಿಂದ ಯಂತ್ರದ ದೂಳು ಊದುವ ಅಭ್ಯಾಸ ಎಲ್ಲ ಕಡೆ ಇದೆ. ಯಂತ್ರ ಸ್ವಚ್ಛವಾಗುತ್ತದೆ, ಆ ನೂಲಿನ ದೂಳು ಗಾಳಿಯಲ್ಲಿ ತೇಲಿ ಬೆಳಿಗ್ಗೆ ಬಂದವರ ಮೂಗಿಗೆ ಹೋಗುತ್ತದೆ. ಊದುವುದರ ಬದಲು ಹೀರುವ ಯಂತ್ರ ಬಳಸಿ, ನೆಲಕ್ಕೆ ಒದ್ದೆ ಬಟ್ಟೆ. ಇನ್ನೊಂದು ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ: ಕಲೆ ತೆಗೆಯುವ ಮೂಲೆ. ಗನ್ನಿನಿಂದ ದ್ರಾವಕ ಸಿಂಪಡಿಸಿ ಎಣ್ಣೆ ಕಲೆ ತೆಗೆಯುವವರು ಆ ಆವಿಯನ್ನು ಇಡೀ ದಿನ ಉಸಿರಾಡುತ್ತಾರೆ. ಅದಕ್ಕೆ ಪ್ರತ್ಯೇಕ ಕಟ್ಟೆ, ಆವಿಯನ್ನು ಹೊರಗೆಳೆಯುವ ಫ್ಯಾನು, ಕೈಗವಸು, ದ್ರಾವಕಕ್ಕೆ ತಕ್ಕ ಮುಖವಾಡ ಬೇಕು. ಬಟ್ಟೆಯ ಮುಖಗವಸು ಆವಿಯನ್ನು ತಡೆಯುವುದಿಲ್ಲ. ಗರ್ಭಿಣಿಯರನ್ನು ಅಲ್ಲಿ ಎಂದೂ ಕೂರಿಸಬೇಡಿ. ಅದಕ್ಕಿಂತ ಮೊದಲು, ಎಣ್ಣೆ ಕಲೆ ಏಕೆ ಬರುತ್ತಿದೆ ಎಂದು ನೋಡಿ. ನಮ್ಮಲ್ಲಿ ನಾಲ್ಕು ಯಂತ್ರಗಳ ಸೀಲು ಸೋರುತ್ತಿತ್ತು. ಸೀಲು ಬದಲಾಯಿಸಿದ ಮೇಲೆ ಆ ಮೂಲೆಯ ಕೆಲಸ ಬೆಳಿಗ್ಗೆ ಎರಡು ಗಂಟೆಯಷ್ಟಕ್ಕೆ ಇಳಿಯಿತು.

ಟಾರ್ಗೆಟ್ ಲೆಕ್ಕದಲ್ಲಿ ಅಡಗಿರುವ ವಿಶ್ರಾಂತಿ

ಇದನ್ನು ಎಲ್ಲ ಮೇಲ್ವಿಚಾರಕರೂ ಓದಲಿ ಎಂಬುದು ನನ್ನ ಆಸೆ.

ಒಂದು ಉಡುಪು ಹೊಲಿಯಲು ಬೇಕಾದ ಪ್ರಮಾಣಿತ ನಿಮಿಷಗಳನ್ನು ನಾವು ಎಸ್‌ಎಎಂ ಎನ್ನುತ್ತೇವೆ. ಒಂದು ಅಂಗಿಗೆ 20 ನಿಮಿಷ ಎಂದಿಟ್ಟುಕೊಳ್ಳಿ. ಲೈನಿನಲ್ಲಿ 30 ಟೈಲರುಗಳು, ದಿನಕ್ಕೆ 480 ನಿಮಿಷ. 30ನ್ನು 480ರಿಂದ ಗುಣಿಸಿ 20ರಿಂದ ಭಾಗಿಸಿದರೆ 720 ಅಂಗಿ. ಅದು ನೂರಕ್ಕೆ ನೂರು ದಕ್ಷತೆಯ ಲೆಕ್ಕ. ಲೈನ್ ಶೇಕಡ 60ರಲ್ಲಿ ನಡೆಯುತ್ತಿದ್ದರೆ ನ್ಯಾಯವಾದ ಟಾರ್ಗೆಟ್ 432. ಇದನ್ನು ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಬಿಡಿಸಿ ಬರೆಯಿರಿ. ನಾನು ಟೈಲರ್ ಆಗಿದ್ದ 11 ವರ್ಷಗಳಲ್ಲಿ ಬೋರ್ಡಿನ ಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ಒಬ್ಬರೂ ನನಗೆ ಹೇಳಲಿಲ್ಲ.

ಆ 20 ನಿಮಿಷ ಹೇಗೆ ಬಂತು ಎಂಬುದನ್ನೂ ತಿಳಿದುಕೊಳ್ಳಬೇಕು. ಕೈ ಓಡುವ ಸಮಯವನ್ನು ಅಳೆದ ಮೇಲೆ, ದಾರ ತುಂಡಾಗುವುದಕ್ಕೆ, ಆಯಾಸಕ್ಕೆ, ನೀರು ಕುಡಿಯುವುದಕ್ಕೆ, ಶೌಚಕ್ಕೆ ಎಂದು ಸಾಮಾನ್ಯವಾಗಿ ಶೇಕಡ 10ರಿಂದ 20ರಷ್ಟು ಸೇರಿಸಿಯೇ ಎಸ್‌ಎಎಂ ಕಟ್ಟುತ್ತಾರೆ. ಅಂದರೆ ಶೌಚಾಲಯಕ್ಕೆ ಹೋಗುವ ಸಮಯ ಟಾರ್ಗೆಟ್ಟಿನ ಒಳಗೇ ಇದೆ. ಅದಕ್ಕೆ ಗಡಿಯಾರ ತೋರಿಸುವ ಮೇಲ್ವಿಚಾರಕ ಅವಳಿಗೆ ಈಗಾಗಲೇ ಸಲ್ಲಬೇಕಾದದ್ದನ್ನು ಕದಿಯುತ್ತಿದ್ದಾನೆ. ನಾನು ಇದನ್ನು ನಮ್ಮ ಮೇಲ್ವಿಚಾರಕರಿಗೆ ಕಾಗದದ ಮೇಲೆ ಬಿಡಿಸಿ ತೋರಿಸಿದಾಗ ಕೈಗಡಿಯಾರದವನು ಬಹಳ ಹೊತ್ತು ಸುಮ್ಮನಿದ್ದ. ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಅವನನ್ನು ತೆಗೆಯುವ ಮಾತು ಬಂದಿತ್ತು; ನಾನು ಬೇಡವೆಂದೆ. ಈಗ ಹೊಸಬರಿಗೆ ಈ ಲೆಕ್ಕ ಹೇಳಿಕೊಡುವವನು ಅವನೇ.

ಬೈಗುಳದ ಬಗ್ಗೆ. ಹಿಂದೆ ನಾನಿದ್ದ ಒಂದು ಕಡೆ ಫ್ಲೋರ್ ಇನ್‌ಚಾರ್ಜ್ ಒಬ್ಬರು ಬಂಡಲನ್ನು ನನ್ನ ಮುಖಕ್ಕೆ ಎಸೆದಿದ್ದರು. ಕಾಲರಿನ ಮೂಲೆ ಸರಿಯಿಲ್ಲ ಎಂಬುದು ಕಾರಣ. ಆ ದಿನ ಮಧ್ಯಾಹ್ನದ ಮೇಲೆ ನಾನು ಹೊಲಿದ ಕಾಲರುಗಳಲ್ಲಿ ಬಹಳಷ್ಟು ಮರುದಿನ ಆಲ್ಟರೇಷನ್‌ಗೆ ವಾಪಸು ಬಂದವು. ಕೈ ನಡುಗುತ್ತಿತ್ತು. ವಾಪಸು ಬಂದ ಪ್ರತಿ ಪೀಸನ್ನು ಬಿಚ್ಚಬೇಕು, ಮತ್ತೆ ಹೊಲಿಯಬೇಕು, ಮತ್ತೆ ಇಸ್ತ್ರಿ ಮಾಡಬೇಕು. ದಾರ, ವಿದ್ಯುತ್ತು, ಹಬೆ, ಸಮಯ ಎಲ್ಲವೂ ಎರಡೆರಡು ಸಲ. ಆದ್ದರಿಂದ ನಿಮ್ಮ ಆಲ್ಟರೇಷನ್ ಪುಸ್ತಕವನ್ನು ಲೈನ್ ಪ್ರಕಾರ, ಗಂಟೆ ಪ್ರಕಾರ ಇಡಿ. ತಪ್ಪು ಹೆಚ್ಚಿದ ಗಂಟೆಯಲ್ಲಿ ಆ ಲೈನಿನಲ್ಲಿ ಏನು ನಡೆಯಿತು ಎಂದು ವಿಚಾರಿಸಿ. ಕೆಲವೊಮ್ಮೆ ಸೂಜಿ ಮೊಂಡಾಗಿರುತ್ತದೆ, ಕೆಲವೊಮ್ಮೆ ಯಾರೋ ಕೂಗಾಡಿರುತ್ತಾರೆ. ಎರಡನ್ನೂ ದುರಸ್ತಿ ಎಂದೇ ಬರೆದುಕೊಳ್ಳಿ. ನಮ್ಮಲ್ಲಿ ಏಕವಚನದಲ್ಲಿ ಕರೆಯುವುದು ನಿಂತಿದೆ. ಮೇಲ್ವಿಚಾರಕರು ಹೆಸರಿಗೆ ಅಕ್ಕ ಅಥವಾ ಅವರೇ ಸೇರಿಸಿ ಕರೆಯಬೇಕು. ಗುಡಿಸುವವರನ್ನೂ ಕೂಡ.

ಓವರ್‌ಟೈಮ್ ಬೇಕಾದರೆ ಮಧ್ಯಾಹ್ನ ಹನ್ನೆರಡರೊಳಗೆ ಹೇಳಿ. ಸಂಜೆ ಐದಕ್ಕೆ ಹೇಳಿದರೆ ಅವಳು ಮನೆಗೆ ಫೋನು ಮಾಡಿ ಮಗುವನ್ನು ಯಾರಾದರೂ ಕರೆದುಕೊಳ್ಳಿ ಎಂದು ಬೇಡುತ್ತ ಹೊಲಿಯುತ್ತಾಳೆ. ಇರಲಾಗದು ಎಂದವರನ್ನು ಬಿಡಿ. ಇದ್ದವರಿಗೆ ಕಾನೂನಿನಂತೆ ಎರಡು ಪಟ್ಟು ಕೂಲಿ ಮತ್ತು ಬಸ್ಸಿನವರೆಗೆ ಜೊತೆ ಕೊಡಿ. ಬೆಳಿಗ್ಗೆ ಐದು ನಿಮಿಷ ತಡವಾದರೆ ಅರ್ಧ ದಿನ ಕತ್ತರಿಸುವ ಪದ್ಧತಿ ಇದ್ದರೆ ತೆಗೆಯಿರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮವರಲ್ಲಿ ಹಲವರು ಸರ್ಕಾರಿ ಬಸ್ಸಿಗೆ ಬದಲಾದರು. ತಿಂಗಳಿಗೆ ಉಳಿದ ಹಣ ಅವರಿಗೆ ಚಿಕ್ಕದಲ್ಲ. ಆದರೆ ಬಸ್ಸು ಬರುವ ಹೊತ್ತು ಅವರ ಕೈಯಲ್ಲಿಲ್ಲ. ನಾವು ಪಂಚಿಂಗ್ ಹೊತ್ತನ್ನು ಬಸ್ಸಿನ ವೇಳೆಗೆ ಹೊಂದಿಸಿದೆವು.

ಮಕ್ಕಳು, ಹಣ, ದೂರು

1948ರ ಕಾಯ್ದೆಯಲ್ಲಿ 30ಕ್ಕಿಂತ ಹೆಚ್ಚು ಮಹಿಳೆಯರಿದ್ದ ಕಾರ್ಖಾನೆಗೆ ಕ್ರೆಶ್, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ, ಕಡ್ಡಾಯವಾಗಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿದ್ದರೆ ಕ್ರೆಶ್ ಎಂಬ ಲೆಕ್ಕ ತಂದಿತು, ತಾಯಿ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡಿ ಬರಬಹುದು ಎಂದಿತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ; ನಿಮ್ಮ ಘಟಕಕ್ಕೆ ಯಾವುದು ಅನ್ವಯಿಸುತ್ತದೆ ಎಂದು ಕಾರ್ಮಿಕ ಇಲಾಖೆಯಲ್ಲಿ ಕೇಳಿ. ಕಾನೂನು ಕೇಳದಿದ್ದರೂ ಒಂದು ಕೋಣೆ ಮಾಡಿ. ಅದು ಕಟಿಂಗ್ ವಿಭಾಗದ ದೂಳಿನಿಂದ, ಬಾಯ್ಲರಿನಿಂದ ದೂರವಿರಲಿ. ಕೋಣೆ ಚೆನ್ನಾಗಿದೆಯೇ ಎಂದು ತಿಳಿಯಲು ನಾನು ಮಾಡುವುದು ಇಷ್ಟೇ: ಬಾಗಿಲು ತೆರೆದು ಉಸಿರೆಳೆಯುತ್ತೇನೆ, ಆಮೇಲೆ ಎಷ್ಟು ಮಕ್ಕಳಿದ್ದಾರೆ ಎಂದು ಎಣಿಸುತ್ತೇನೆ. ಹಾಜರಿ ಪುಸ್ತಕದಲ್ಲಿ ಸಣ್ಣ ಮಕ್ಕಳ ತಾಯಂದಿರು ಹದಿನೈದಿದ್ದು ಕೋಣೆಯಲ್ಲಿ ಎರಡೇ ಮಕ್ಕಳಿದ್ದರೆ, ಆಯಾ ಒಳ್ಳೆಯವಳಲ್ಲವೋ, ಬೆಳಿಗ್ಗೆ ಕೋಣೆ ತಡವಾಗಿ ತೆರೆಯುತ್ತದೋ, ಮಗುವನ್ನು ಎತ್ತಿಕೊಂಡು ಹತ್ತಲಾಗದಷ್ಟು ಬಸ್ಸು ತುಂಬಿರುತ್ತದೋ, ಏನೋ ಒಂದು ಇರುತ್ತದೆ.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದದ್ದು ನಿಮಗೆ ನೆನಪಿರಬಹುದು. ಭವಿಷ್ಯ ನಿಧಿಯ (ಪಿಎಫ್) ಹಣವನ್ನು ಪೂರ್ತಿ ತೆಗೆಯಲು 58 ವರ್ಷದವರೆಗೆ ಕಾಯಬೇಕೆಂಬ ನಿಯಮದ ವಿರುದ್ಧ ಅದು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಆ ಹಣ ಮಗಳ ಕಾಲೇಜಿನದು, ಅಪ್ಪನ ಆಪರೇಷನ್ನಿನದು, ಬಾಡಿಗೆ ಮನೆಯ ಮುಂಗಡದ್ದು. ಯೋಗಕ್ಷೇಮ ಎಂದು ಧ್ಯಾನದ ತರಗತಿ ಇಡುವ ಮೊದಲು ಪಿಎಫ್ ಸರಿಯಾಗಿ ಕಟ್ಟಿ. ತಿಂಗಳ ಮೊದಲ ಶನಿವಾರ ಊಟದ ಹೊತ್ತಿನಲ್ಲಿ ಒಬ್ಬರು ಕುಳಿತು, ಕೇಳಿದವರಿಗೆ ಅವರವರ ಮೊಬೈಲಿನಲ್ಲೇ ಪಾಸ್‌ಬುಕ್ ತೆರೆದು ತೋರಿಸಲಿ. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು ಹೆಸರು ಇರುವ ತೊಂದರೆ ಅಲ್ಲೇ ಗೊತ್ತಾಗುತ್ತದೆ. ಕೆಲಸ ಬಿಟ್ಟ ಮೇಲೆ ಅದನ್ನು ಸರಿಪಡಿಸಲು ಅವರು ವರ್ಷಗಟ್ಟಲೆ ಅಲೆಯುತ್ತಾರೆ.

ಹತ್ತು ಅಥವಾ ಹೆಚ್ಚು ಮಂದಿ ಇರುವ ಕಡೆ ಲೈಂಗಿಕ ಕಿರುಕುಳ ತಡೆಗೆ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅಧ್ಯಕ್ಷೆ ಮಹಿಳೆ, ಸದಸ್ಯರಲ್ಲಿ ಅರ್ಧವಾದರೂ ಮಹಿಳೆಯರು, ಒಬ್ಬರು ಹೊರಗಿನವರು. ಹೊರಗಿನವರು ಮಾಲೀಕರ ನೆಂಟರಾಗಿರಬಾರದು. ಸದಸ್ಯರ ಹೆಸರನ್ನು ಕನ್ನಡದಲ್ಲಿ, ಹಿಂದಿ ಅಥವಾ ಒಡಿಯಾ ಮಾತಾಡುವವರಿದ್ದರೆ ಆ ಭಾಷೆಯಲ್ಲೂ ಶೌಚಾಲಯದ ಒಳಗೋಡೆಗೆ ಅಂಟಿಸಿ. ನಿಂತು ಓದಲು ಅಲ್ಲಿ ಮಾತ್ರ ಧೈರ್ಯ ಬರುತ್ತದೆ. ದೂರು ಪೆಟ್ಟಿಗೆ ಕ್ಯಾಮೆರಾದ ಕಣ್ಣಿಗೆ ಬೀಳದ ಕಡೆ ಇರಲಿ.

ಮಾಲೀಕರೊಂದಿಗೆ ಮಾತು

ಮಾಲೀಕರ ಬಳಿಗೆ ದೊಡ್ಡ ಯೋಜನೆ ಹಿಡಿದು ಹೋಗಬೇಡಿ. ಒಂದು ಹಾಳೆ ಸಾಕು: ಕಳೆದ ಮೂರು ತಿಂಗಳ ವಿದ್ಯುತ್ ಬಿಲ್ಲು, ಆಲ್ಟರೇಷನ್ ಸಂಖ್ಯೆ, ಕೆಲಸ ಬಿಟ್ಟವರ ಸಂಖ್ಯೆ. ಒಬ್ಬ ಪಳಗಿದ ಟೈಲರ್ ಹೋದರೆ ಹೊಸಬಳು ಆ ವೇಗಕ್ಕೆ ಬರಲು ಎಷ್ಟು ವಾರ ಹಿಡಿಯುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಮೊದಲ ತಿಂಗಳು ಖರ್ಚಿಲ್ಲದ್ದನ್ನು ಮಾಡಿ: ನೀರಿನ ಅಳತೆ, ಚಿಲಕ, ಬೋರ್ಡಿನ ಮೇಲೆ ಲೆಕ್ಕ, ಓವರ್‌ಟೈಮಿನ ಮುನ್ಸೂಚನೆ. ಎರಡನೆಯ ತಿಂಗಳು ಹಬೆ ಸೋರಿಕೆ ಮತ್ತು ಸೀಲುಗಳು, ಏಕೆಂದರೆ ಅದರ ಉಳಿತಾಯ ಬೇಗ ಕಾಣುತ್ತದೆ. ಆ ಉಳಿತಾಯ ತೋರಿಸಿ ಸರ್ವೋ ಮೋಟಾರು ಕೇಳಿ. ಆಡಿಟ್ ಬರುವ ವಾರ ಮಾತ್ರ ಸೋಪು ಇಡುವ ಪದ್ಧತಿಗೆ ನೀವು ಕೈಜೋಡಿಸಬೇಡಿ. ಹೆಂಗಸರು ಆ ಸೋಪನ್ನು ನೋಡಿಯೇ ಆಡಿಟ್ ಯಾವಾಗ ಎಂದು ತಿಳಿದುಕೊಳ್ಳುತ್ತಾರೆ; ನಿಮ್ಮ ಬಗ್ಗೆಯೂ ತಿಳಿದುಕೊಳ್ಳುತ್ತಾರೆ.

ಎಲ್ಲವೂ ನಮ್ಮಲ್ಲಿ ಸರಿಯಾಗಿಲ್ಲ. ಇಸ್ತ್ರಿ ವಿಭಾಗ ಇನ್ನೂ ಪಶ್ಚಿಮದ ಗೋಡೆಗೆ ಅಂಟಿಕೊಂಡಿದೆ. ಏಪ್ರಿಲ್‌ನ ಮಧ್ಯಾಹ್ನ ಮೂರಕ್ಕೆ ಆ ಗೋಡೆಗೆ ಅಂಗೈ ಇಟ್ಟರೆ ಹಿಡಿಯಲಾಗುವುದಿಲ್ಲ. ಮಳೆಗಾಲದಲ್ಲಿ ಗೋಡೆಯ ಹೊರಬದಿಗೆ ಹೊಂಗೆ ಸಸಿಗಳನ್ನು ನೆಟ್ಟಿದ್ದೇವೆ, ಅವು ನೆರಳು ಕೊಡಲು ವರ್ಷಗಳು ಬೇಕು. ಅಲ್ಲಿಯವರೆಗೆ ಮೇಜುಗಳನ್ನು ಉತ್ತರದ ಕಿಟಕಿಯ ಬಳಿಗೆ ಸಾಗಿಸಲು ಕೊಳವೆ ಎಷ್ಟು ಉದ್ದ ಬೇಕೆಂದು ಬಾಯ್ಲರ್ ನೋಡುವವರೂ ನಾನೂ ಕಳೆದ ಶನಿವಾರ ಟೇಪು ಹಿಡಿದು ಅಳೆದೆವು. 22 ಮೀಟರ್ ಬಂತು. ಈ ವಾರ ದರ ಕೇಳಿಕೊಂಡು ಬರಬೇಕು. ಮೂರನೆಯ ಲೈನಿಗೆ ಈಗ ದಿನಕ್ಕೆ ಮೂರು ಕ್ಯಾನು ಹೋಗುತ್ತವೆ. ಇಸ್ತ್ರಿಯವರಿಗೆ ಪ್ರತ್ಯೇಕ ಕ್ಯಾನು ಬೇಕೆಂದು ಅವರೇ ಬಂದು ಕೇಳಿದ್ದಾರೆ.